ಹಳೆಯ ಕಾರಿನ ಆಸೆ ಇರುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪದ್ಮಿನಿ, ಅಂಬಾಸಿಡರ್, ಹೆರಾಲ್ಡ್, ಕಾಂಟೆಸಾ. ಇವುಗಳಲ್ಲಿ ಒಂದಾದರೂ ಮನೆ ಮುಂದೆ ನಿಂತಿರಬೇಕು ಅನ್ನುವ ಆಸೆ ಇಟ್ಟುಕೊಂಡವರು ತುಂಬ ಜನ ಇದ್ದಾರೆ. ಅವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಇಲ್ಲಿರುವುದು ಬಹುಪಾಲು ನಮ್ಮ ರಸ್ತೆಗಳಲ್ಲಿ ಓಡಿದ ಕಾರುಗಳ ವಿಷಯ. ಇವನ್ನು ನಮ್ಮಂಥವರು ಕೊಳ್ಳಬಹುದು, ರಿಪೇರಿ ಮಾಡಿಸಬಹುದು, ಮುಖ್ಯವಾಗಿ ಓಡಿಸಬಹುದು. ಓಡದ ಕಾರಿಗಿಂತ ಓಡುವ ಕಾರೇ ಚೆಂದ ಅನ್ನುವುದು ನನ್ನ ಗಟ್ಟಿ ನಂಬಿಕೆ. ಮುಂದಿನ ಉತ್ತರಗಳೆಲ್ಲ ಆ ನಂಬಿಕೆಯಿಂದಲೇ ಬಂದವು.

ಎಷ್ಟು ವರ್ಷ ಆದರೆ ಕಾರನ್ನು ಕ್ಲಾಸಿಕ್ ಅನ್ನಬಹುದು?

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಪ್ರಕಾರ ಕನಿಷ್ಠ 30 ವರ್ಷ ಆಗಿರಬೇಕು. ಜೊತೆಗೆ ಕಾರು ಮೂಲ ರೂಪದಲ್ಲಿರಬೇಕು. ಅದೇ ಒಕ್ಕೂಟ 1919ರಿಂದ 1930ರವರೆಗಿನ ಕಾರುಗಳನ್ನು ವಿಂಟೇಜ್ ಅನ್ನುತ್ತದೆ. ನಮ್ಮ ಮೋಟಾರು ವಾಹನ ನಿಯಮದ ಲೆಕ್ಕವೇ ಬೇರೆ. ಅಲ್ಲಿ ಮೊದಲ ನೋಂದಣಿಯಿಂದ 50 ವರ್ಷ ದಾಟಿದ್ದರೆ ವಿಂಟೇಜ್. ಅಂದರೆ 1970ರ ಅಂಬಾಸಿಡರ್ ಕೂಡ ಕಾನೂನಿನ ಕಣ್ಣಲ್ಲಿ ವಿಂಟೇಜ್ ಆಗಬಹುದು.

ಮೊದಲ ಸಲ ಹಳೆಯ ಕಾರು ತಗೊಳ್ತಿದ್ದೇನೆ. ಯಾವುದು ಒಳ್ಳೆಯದು?

ಪ್ರೀಮಿಯರ್ ಪದ್ಮಿನಿ. ಇದನ್ನು ಹೇಳಲು ನಾನು ಯೋಚನೆ ಮಾಡುವುದೇ ಇಲ್ಲ.

ಇಟಲಿಯ ಫಿಯೆಟ್ 1100ಡಿ ಕಾರು ನಮ್ಮಲ್ಲಿಗೆ 1964ರಲ್ಲಿ 1100 ಡಿಲೈಟ್ ಆಗಿ ಬಂತು. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಅದನ್ನು ತಯಾರಿಸುತ್ತಿತ್ತು. ಸ್ವಲ್ಪ ಕಾಲ ಪ್ರೆಸಿಡೆಂಟ್ ಅನ್ನಿಸಿಕೊಂಡು, 1974ರಲ್ಲಿ ಪದ್ಮಿನಿ ಆಯಿತು. ಹೆಸರು ಎಷ್ಟೇ ಬದಲಾದರೂ ನಮ್ಮ ಜನ ಕೊನೆಯವರೆಗೂ ಕರೆದದ್ದು ಫಿಯೆಟ್ ಅಂತಲೇ. ಎಂಜಿನ್ 1089 ಸಿಸಿ, ನಾಲ್ಕು ಸಿಲಿಂಡರ್, ಶಕ್ತಿ ಸುಮಾರು 40 ಅಶ್ವಶಕ್ತಿ. ಈಗಿನ ಲೆಕ್ಕದಲ್ಲಿ ಇದು ತೀರ ಕಡಿಮೆ. ಆದರೆ ಕಾರು ಹಗುರ. ಸ್ಟೇರಿಂಗ್ ಪಕ್ಕದ ಗೇರ್ ಕೈಗೆ ಕುಳಿತ ಮೇಲೆ 50-60 ಕಿ.ಮೀ. ವೇಗದಲ್ಲಿ ಅದು ಕೊಡುವ ಖುಷಿಯೇ ಬೇರೆ.

ಅದನ್ನೇ ಮೊದಲು ಹೇಳಲು ಕಾರಣ ಇದೆ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಎಲ್ಲದಕ್ಕೂ ಕೈ ತಾಗುತ್ತದೆ. ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬುರೇಟರ್, ಪ್ಲಗ್‌ಗಳಿಗೆ ಕಿಡಿ ಹಂಚುವ ಡೆಲ್ಕೊ, ಅದರೊಳಗಿನ ಪಾಯಿಂಟ್, ಪ್ಲಗ್, ಪೆಟ್ರೋಲ್ ಪಂಪ್, ಇಷ್ಟನ್ನು ಅರ್ಥ ಮಾಡಿಕೊಂಡರೆ ದಾರಿಯಲ್ಲಿ ಬರುವ ಬಹುಪಾಲು ತೊಂದರೆಗಳನ್ನು ನೀವೇ ಸರಿ ಮಾಡಬಹುದು. ಮುಂಬೈ ಟ್ಯಾಕ್ಸಿಗಳು ದಶಕಗಳ ಕಾಲ ಇದನ್ನೇ ಓಡಿಸಿದ್ದರಿಂದ ಬಿಡಿಭಾಗಗಳು ಹೇರಳವಾಗಿ ತಯಾರಾದವು. ಆ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರ್ ಕೊನೆಗೆ ಮುಗಿಯಿತು. ಕೊನೆಯ ಟ್ಯಾಕ್ಸಿ 2003ರಲ್ಲಿ ನೋಂದಣಿ ಆಗಿತ್ತು, 20 ವರ್ಷದ ಮಿತಿ ಮುಟ್ಟಿತು. ಬಿಡಿಭಾಗಗಳು ಮಾತ್ರ ಇನ್ನೂ ಸಿಗುತ್ತವೆ.

1950ರ ದಶಕದ ಫಿಯೆಟ್ ಮಿಲೆಚೆಂಟೊ ಸಿಕ್ಕಿದರೆ ಇನ್ನೂ ಚೆಂದ. ಅದರ ಮುಂದಿನ ಬಾಗಿಲು ಈಗಿನ ಕಾರುಗಳಿಗೆ ಉಲ್ಟಾ, ಹಿಂದಕ್ಕೆ ತೆರೆಯುತ್ತದೆ. ಆದರೆ ಅದು ಎರಡನೇ ಕಾರಾಗಲಿ. ಮೊದಲು ಪದ್ಮಿನಿಯಲ್ಲಿ ಕೈ ಪಳಗಲಿ.

ಅಂಬಾಸಿಡರ್ ಯಾಕೆ ಬೇಡ?

ಬೇಡ ಅಂತ ಅಲ್ಲ! ಮನೆ ದೊಡ್ಡದು, ಮನೆ ತುಂಬ ಜನ, ಎಲ್ಲರೂ ಒಟ್ಟಿಗೆ ಧರ್ಮಸ್ಥಳಕ್ಕೋ ಹೊರನಾಡಿಗೋ ಹೋಗಬೇಕು ಅಂದರೆ ಅಂಬಾಸಿಡರ್‌ಗೆ ಸಾಟಿಯೇ ಇಲ್ಲ. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರೇ ಇದು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಇದನ್ನು 1950ರ ದಶಕದ ಕೊನೆಯಿಂದ 2014ರ ಮೇ ತನಕ ತಯಾರಿಸಿತು. ಅಷ್ಟು ವರ್ಷವೂ ಹೊರ ರೂಪ ಹೆಚ್ಚು ಬದಲಾಗಲಿಲ್ಲ.

ಒಳಗಿನ ಎಂಜಿನ್ ಮಾತ್ರ ಬದಲಾಯಿತು. ಹಾಗಾಗಿ ಯಾವ ಅಂಬಾಸಿಡರ್ ಅನ್ನುವುದು ಮುಖ್ಯ. ಮಾರ್ಕ್ 1, ಮಾರ್ಕ್ 2 ನೋಡಲು ತುಂಬ ಚೆಂದ. ಮುಂದಿನ ಜಾಲರಿ, ಡ್ಯಾಶ್‌ಬೋರ್ಡ್ ಎಲ್ಲ ಹಳೆಯ ಕಾಲದ ಕೆಲಸ. ಅವುಗಳಲ್ಲಿ ಸಾಮಾನ್ಯವಾಗಿ ಇರುವುದು 1489 ಸಿಸಿಯ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಪೆಟ್ರೋಲ್ ಎಂಜಿನ್. ನಿಧಾನ, ಆದರೆ ಗಟ್ಟಿಮುಟ್ಟು. ಹಳೆಯ ಮಾಡೆಲ್‌ಗಳ ಒಂದನೇ ಗೇರ್‌ಗೆ ಹಲ್ಲುಗಳ ವೇಗ ಹೊಂದಿಸುವ ಸಿಂಕ್ರೊಮೆಶ್ ಇಲ್ಲ, ಕಾರು ಪೂರ್ತಿ ನಿಂತ ಮೇಲೇ ಹಾಕಬೇಕು. ಇಲ್ಲದಿದ್ದರೆ ಹಲ್ಲು ಕಡಿಯುವ ಸದ್ದು ಬರುತ್ತದೆ.

ಡೀಸೆಲ್ ಅಂಬಾಸಿಡರ್ ಬಾಡಿಗೆ ಓಡಿಸುವವರಿಗೆ ಅನ್ನ ಹಾಕಿದ ಗಾಡಿ. ಅದಕ್ಕೇ ಅವುಗಳಲ್ಲಿ ಹೆಚ್ಚಿನವು ಲೆಕ್ಕವಿಲ್ಲದಷ್ಟು ಕಿಲೊಮೀಟರ್ ಓಡಿ ಸವೆದಿರುತ್ತವೆ. ದಿನವೂ ಓಡಿಸುವ ಆಸೆ ಇದ್ದರೆ 1990ರ ದಶಕದ 1800 ಐಎಸ್‌ಜೆಡ್ ಹುಡುಕಿ. ಜಪಾನಿನ ಇಸುಜು ಎಂಜಿನ್, ಐದು ಗೇರ್. ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಳ್ಳಬೇಕಿಲ್ಲ. ಹಳೆಯ ಕಾರಿನ ಪಕ್ಕಾ ಅಭಿಮಾನಿಗಳು ಇದನ್ನು ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ನನಗೆ ಅದು ತಪ್ಪು ಅನ್ನಿಸುತ್ತದೆ. ಅಂಬಾಸಿಡರ್‌ಗಳಲ್ಲೇ ಓಡಿಸಲು ಅತ್ಯಂತ ಹಿತವಾದದ್ದು ಅದೇ.

ಸ್ಟ್ಯಾಂಡರ್ಡ್ ಹೆರಾಲ್ಡ್ ಬಗ್ಗೆ ಏನಂತೀರಿ?

ನೋಡಲು ಇವೆಲ್ಲಕ್ಕಿಂತ ಅಂದದ್ದು. ಇಟಲಿಯ ಜೊವಾನಿ ಮಿಕೆಲೊಟ್ಟಿ ವಿನ್ಯಾಸ ಮಾಡಿದ್ದು. ಬ್ರಿಟನ್ನಿನಲ್ಲಿ ಟ್ರಯಂಫ್ ಹೆರಾಲ್ಡ್ ಆಗಿದ್ದದ್ದು ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕೈಯಲ್ಲಿ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಆಯಿತು. 948 ಸಿಸಿ ಎಂಜಿನ್. ಬಾನೆಟ್ ಮತ್ತು ಎರಡೂ ಮಡ್‌ಗಾರ್ಡ್ ಸೇರಿ ಇಡೀ ಮುಂಭಾಗವೇ ಒಟ್ಟಿಗೆ ಮುಂದಕ್ಕೆ ಬಾಗಿ ತೆರೆಯುತ್ತದೆ. ಚಕ್ರದ ಮೇಲೆ ಕುಳಿತುಕೊಂಡೇ ಎಂಜಿನ್ ಕೆಲಸ ಮಾಡಬಹುದು. ಸುಮಾರು 25 ಅಡಿ ಜಾಗದಲ್ಲಿ ಪೂರ್ತಿ ತಿರುಗುತ್ತದೆ. ಮಲ್ಲೇಶ್ವರದ ಅಡ್ಡರಸ್ತೆಗಳಿಗೆ ಹೇಳಿ ಮಾಡಿಸಿದ್ದು. ನಾಲ್ಕು ಬಾಗಿಲಿನ ಹೆರಾಲ್ಡ್ ತಯಾರಾದದ್ದು ಭಾರತದಲ್ಲಿ ಮಾತ್ರ.

ಕೊಳ್ಳುವ ಮೊದಲು ಎರಡು ವಿಷಯ ಗೊತ್ತಿರಲಿ. ಹೆರಾಲ್ಡ್‌ಗೆ ಬಾಡಿಯಿಂದ ಬೇರೆಯೇ ಆದ ಚಾಸಿ, ಅಂದರೆ ಕೆಳಗಿನ ಚೌಕಟ್ಟು, ಇದೆ. ಅದರ ಅಕ್ಕಪಕ್ಕಕ್ಕೆ ಚಾಚಿದ ತೋಳುಗಳು ತುಕ್ಕು ಹಿಡಿದು ತಿಂದು ಹೋಗಿರುತ್ತವೆ. ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಎರಡನೆಯದು ಹಿಂದಿನ ಸ್ವಿಂಗ್ ಆಕ್ಸಲ್, ಅಂದರೆ ಚಕ್ರದ ಜೊತೆಗೇ ಮೇಲೆ ಕೆಳಗೆ ಆಡುವ ಅಚ್ಚು. ತಿರುವಿನಲ್ಲಿ ಜೋರಾಗಿ ಹೋಗುತ್ತಾ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಂಡು ಕಾರು ಜಾರುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ನಂತರ ಸಮವಾಗಿ ಎಳೆದುಕೊಂಡು ಹೋಗಬೇಕು. ನಂತರ ಬಂದ ಅದೇ ಕಂಪನಿಯ ಗೆಜಲ್‌ನಲ್ಲಿ ಈ ತೊಂದರೆ ಇಲ್ಲ, ಅದರ ಹಿಂದಿನ ಆಕ್ಸಲ್ ಬೇರೆ ರೀತಿಯದು.

ಕಾಂಟೆಸಾ?

ಮೈಲೇಜ್ ಕೇಳಬೇಡಿ. ಉದ್ದನೆಯ ಬಾನೆಟ್, ಹಿಂದಿನ ಚಕ್ರದ ಎಳೆತ, ಸೋಫಾದಂಥ ಸೀಟು. 1984ರಲ್ಲಿ ಬಂದಾಗ ಅಂಬಾಸಿಡರ್‌ನ 1489 ಸಿಸಿ ಎಂಜಿನ್ನನ್ನೇ ಹಾಕಿದ್ದರು, ಅಷ್ಟು ಭಾರದ ಗಾಡಿಗೆ ಅದು ಸಾಲುತ್ತಿರಲಿಲ್ಲ. 1980ರ ದಶಕದ ಕೊನೆಗೆ ಬಂದ 1.8 ಲೀಟರ್ ಇಸುಜು ಎಂಜಿನ್ನಿನ ಕಾರೇ ತಗೊಳ್ಳಬೇಕಾದದ್ದು. ಎಂಜಿನ್ ಭಾಗಗಳಿಗೆ ತೊಂದರೆ ಇಲ್ಲ. ಗಾಜು, ರಬ್ಬರ್ ಬೀಡಿಂಗ್, ಹಿಂದಿನ ದೀಪ, ಬಂಪರ್ ಸಿಗುವುದು ಕಷ್ಟ. ಇವೆಲ್ಲ ಪೂರ್ತಿ ಇರುವ ಕಾರಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಬೆಂಗಳೂರಲ್ಲೂ ಕಾರು ತಯಾರಾಗ್ತಿತ್ತಂತೆ, ಹೌದಾ?

ಹೌದು. ಇದು ನಮ್ಮವರಿಗೇ ಮರೆತುಹೋಗಿದೆ, ಅದು ನನಗೆ ನಿಜವಾಗಿ ಬೇಸರದ ವಿಷಯ. ಸನ್‌ರೈಸ್ ಅನ್ನುವ ಬೆಂಗಳೂರಿನ ಕಂಪನಿ 1970ರ ದಶಕದಲ್ಲಿ ಬಾದಲ್ ಅನ್ನುವ ಮೂರು ಚಕ್ರದ ಫೈಬರ್ ಕಾರು ಮಾಡಿತು. ಅದೇ ಮುಂದೆ ಸಿಪಾನಿ ಆಟೊಮೊಬೈಲ್ಸ್ ಆಯಿತು. 1980ರ ದಶಕದಲ್ಲಿ ಡಾಲ್ಫಿನ್ ಅನ್ನುವ ಎರಡು ಬಾಗಿಲಿನ ಪುಟ್ಟ ಕಾರು ತಂದರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ವಿನ್ಯಾಸ ಅದು. 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಫೈಬರ್ ಬಾಡಿ. ತುಂಬ ಹಗುರ ಆದ್ದರಿಂದ ರ್‍ಯಾಲಿ ಓಡಿಸುವವರಿಗೆ ಬಹಳ ಇಷ್ಟವಾಗಿತ್ತು. ಆಮೇಲೆ ನಾಲ್ಕು ಬಾಗಿಲಿನ ಮೊಂಟಾನಾ ಬಂತು.

ಆದರೆ ಆಗ ಮಾರುತಿ ಬಂದಾಗಿತ್ತು. ಫೈಬರ್ ಬಾಡಿಯ ಕಾರನ್ನು ಜನ ನಂಬಲಿಲ್ಲ. ಕಬ್ಬಿಣದ ಕಾರೇ ಗಟ್ಟಿ ಅನ್ನುವ ಮಾತು ಎಲ್ಲ ಕಡೆ ಇತ್ತು. ವಿಚಿತ್ರ ಅಂದರೆ, ಆ ಕಾಲದ ಕಬ್ಬಿಣದ ಕಾರುಗಳು ತುಕ್ಕು ಹಿಡಿದು ಗುಜರಿಗೆ ಹೋದವು. ಡಾಲ್ಫಿನ್ ಕಾರಿನ ಫೈಬರ್ ಮೈಗೆ ತುಕ್ಕಿನ ಭಯವೇ ಇಲ್ಲ. ಕೆಳಗಿನ ಚಾಸಿ ಮಾತ್ರ ಉಕ್ಕಿನದು, ಅದನ್ನು ನೋಡಿಕೊಳ್ಳಬೇಕು. ಯಾರದೋ ಶೆಡ್ಡಿನಲ್ಲಿ ಡಾಲ್ಫಿನ್ ಇದೆ ಅಂತ ಕೇಳಿದರೆ ದಯವಿಟ್ಟು ಹೋಗಿ ನೋಡಿ. ಬಿಡಿಭಾಗಕ್ಕೆ ಇಂಗ್ಲೆಂಡಿನ ರಿಲಯಂಟ್ ಮಾಲೀಕರ ಸಂಘಗಳನ್ನು ವಿಚಾರಿಸಿ. ಕರ್ನಾಟಕದ ಕಾರು ಪ್ರೇಮಿಗಳು ಉಳಿಸಿಕೊಳ್ಳಬೇಕಾದ ಒಂದು ಕಾರು ಅಂದರೆ ಇದು.

ಮಾರುತಿ 800 ಕೂಡ ಈ ಪಟ್ಟಿಗೆ ಬರುತ್ತಾ?

ಖಂಡಿತ ಬರುತ್ತದೆ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಗ್ರಾಹಕನಿಗೆ ಕೀ ಕೊಟ್ಟರು. ಆ ಮೊದಲ ರೂಪದ ಎಸ್‌ಎಸ್80 ಕಾರು 1986ರ ತನಕ ಬಂತು. ಆಮೇಲಿನದು ನಮಗೆಲ್ಲ ಗೊತ್ತಿರುವ ದುಂಡು ಮೂಗಿನ 800. ಎಸ್‌ಎಸ್80 ಈಗ ಅಪರೂಪ. 796 ಸಿಸಿ, ಮೂರು ಸಿಲಿಂಡರ್, ಚಿಕ್ಕ ಚಕ್ರ, ಚೌಕ ಮುಖ. ಹಳೆಯ ಕಾರಿನ ಹವ್ಯಾಸಕ್ಕೆ ಬರುವ ಕಾಲೇಜು ಹುಡುಗ ಹುಡುಗಿಯರಿಗೆ ನಾನು ಇದನ್ನೇ ಹೇಳುವುದು. ಖರ್ಚು ಕಡಿಮೆ, ಯಾವ ಊರಿನಲ್ಲೂ ಮೆಕ್ಯಾನಿಕ್ ಸಿಗುತ್ತಾರೆ.

ಕಾರು ನೋಡೋಕೆ ಹೋದಾಗ ಏನೇನು ಪರೀಕ್ಷೆ ಮಾಡಬೇಕು?

ಎಂಜಿನ್ ಕಡೆಗೆ ಕೊನೆಗೆ ಬನ್ನಿ. ಎಂಜಿನ್ ಬೋರ್ ಮಾಡಿಸಬಹುದು, ಗೇರ್‌ಬಾಕ್ಸ್ ಬಿಚ್ಚಿಸಬಹುದು. ಬಾಡಿ ಹೋಗಿದ್ದರೆ ಹಣ ನೀರಿನಂತೆ ಹರಿಯುತ್ತದೆ.

ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋಗಿ. ಬಾಗಿಲಿನ ಕೆಳ ಅಂಚು, ಮಡ್‌ಗಾರ್ಡ್, ಬಾಗಿಲ ಕೆಳಗಿನ ಹೊಸ್ತಿಲು, ಹೆಡ್‌ಲೈಟ್ ಸುತ್ತ ಇಟ್ಟು ನೋಡಿ. ಅಂಟಿಕೊಳ್ಳದಿದ್ದರೆ ಅಲ್ಲಿ ತಗಡು ಇಲ್ಲ, ಬರೀ ಪುಟ್ಟಿ. ಒಳಗಿನ ಮ್ಯಾಟ್ ಎತ್ತಿ ನೆಲ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರ ಗುಂಡಿ ನೋಡಿ. ಬ್ಯಾಟರಿ ಕೂರುವ ತಟ್ಟೆಯ ಕೆಳಗೆ ಬೆರಳು ಹಾಕಿ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇದ್ದ ಕಾರಾದರೆ ಇನ್ನೂ ಎಚ್ಚರ. ಚಿತ್ರದುರ್ಗ, ಬಳ್ಳಾರಿ ಕಡೆಯ ಒಣ ಹವೆಯಲ್ಲಿ ನಿಂತಿದ್ದ ಕಾರಿನ ತಗಡು ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ರಬ್ಬರ್ ಒಣಗಿ ಬಿರುಕು ಬಿಟ್ಟಿರುತ್ತದೆ. ರಬ್ಬರ್ ಬದಲಾಯಿಸುವುದು ಸುಲಭ.

ಹೊಸದಾಗಿ ಪೇಂಟ್ ಮಾಡಿದ ಕಾರಿನ ಬಗ್ಗೆ ನನಗೆ ಯಾವಾಗಲೂ ಅನುಮಾನ. ಬಣ್ಣ ಮಾಸಿದ, ಅಲ್ಲಲ್ಲಿ ಗೀರು ಬಿದ್ದ ಕಾರು ತನ್ನ ಸ್ಥಿತಿಯನ್ನು ಮುಚ್ಚಿಡುವುದಿಲ್ಲ.

ಆಮೇಲೆ ಎಂಜಿನ್. ಮಾಲೀಕರಿಗೆ ಮೊದಲೇ ಫೋನ್ ಮಾಡಿ, ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅನ್ನಿ. ತಣ್ಣಗಿರುವಾಗ ಚೋಕ್ ಎಳೆದು ಸ್ಟಾರ್ಟ್ ಮಾಡಿ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ರೇಡಿಯೇಟರ್ ನೀರಿನಲ್ಲಿ ಗುಳ್ಳೆ ಬಂದರೆ ಎಂಜಿನ್ನಿನ ತಲೆಭಾಗದ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಗೀಟು ಎಷ್ಟೇ ಆಳ ಇದ್ದರೂ ಹಳೆಯ ಟೈರ್ ನಂಬಬೇಡಿ.

ಕಾಗದಪತ್ರದಲ್ಲಿ ಏನು ನೋಡಬೇಕು?

ಇದು ಬಾಡಿಗಿಂತಲೂ ಮುಖ್ಯ. ಆರ್‌ಸಿ ಇಲ್ಲದ ಕಾರು ಎಷ್ಟೇ ಅಗ್ಗವಾದರೂ ಬೇಡ. ಅದರಿಂದ ಬಿಡಿಭಾಗ ತೆಗೆಯಬಹುದು ಅಷ್ಟೇ, ರಸ್ತೆಗೆ ಇಳಿಸಲು ಆಗುವುದಿಲ್ಲ.

ಆರ್‌ಸಿಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಕಾರಿನ ಮೇಲೆ ಕೆತ್ತಿದ್ದಕ್ಕೆ ಹೊಂದಬೇಕು. ಹಳೆಯ ಕಾರುಗಳಲ್ಲಿ ಎಂಜಿನ್ ಬದಲಾಗಿ, ದಾಖಲೆ ಬದಲಾಗದೆ ಉಳಿದಿರುವುದು ತುಂಬ ಸಾಮಾನ್ಯ. ಕೊಳ್ಳುವ ಮೊದಲೇ ಮಾರುವವರ ಕೈಯಲ್ಲಿ ಅದನ್ನು ಸರಿ ಮಾಡಿಸಿ.

ಕಾರು ಎಷ್ಟೋ ವರ್ಷದ ಹಿಂದೆ ತೀರಿಕೊಂಡ ತಾತನ ಹೆಸರಿನಲ್ಲೇ ಇರುವುದೂ ಉಂಟು. ಆಗ ಮೊದಲು ಫಾರ್ಮ್ 31 ಹಾಕಿ ವಾರಸುದಾರರ ಹೆಸರಿಗೆ ಆಗಬೇಕು. ಆಮೇಲೆ ಫಾರ್ಮ್ 29 ಮತ್ತು 30 ಹಾಕಿ ನಿಮ್ಮ ಹೆಸರಿಗೆ. ಮಕ್ಕಳು ಹಲವರಿದ್ದರೆ ಎಲ್ಲರ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಿರಿ. ಮುಂಗಡ ಕೊಡುವುದು ಅದಾದ ಮೇಲೆ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಫಾರ್ಮ್ 25 ಹಾಕಿ, ಕಾರನ್ನು ಆರ್‌ಟಿಒಗೆ ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಹಸಿರು ತೆರಿಗೆಯೂ ಇದೆ. ಹಳೆಯ ಪುಸ್ತಕದ ಆರ್‌ಸಿ ಆದರೆ ಅದರ ವಿವರ ಕಂಪ್ಯೂಟರ್‌ಗೆ ಏರಿಲ್ಲದೆ ಇರಬಹುದು. ಮೂಲ ನೋಂದಣಿ ಆದ ಆರ್‌ಟಿಒ ಕಚೇರಿಗೇ ಹೋಗಿ ಏರಿಸಬೇಕು. ತಾಳ್ಮೆ ಬೇಕು, ಆದರೆ ಆಗುವ ಕೆಲಸ. ಹೊರರಾಜ್ಯದ ಕಾರಾದರೆ ಎನ್‌ಒಸಿ ಕಡ್ಡಾಯ. 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಇಡುವುದಾದರೆ ಇಲ್ಲಿನ ನಂಬರ್ ತಗೊಳ್ಳಬೇಕು.

ದೆಹಲಿಯಲ್ಲಿ 15 ವರ್ಷದ ಕಾರು ಓಡಿಸೋ ಹಾಗಿಲ್ಲ ಅಂತಾರೆ. ನಮ್ಮಲ್ಲೂ ಹಾಗೇನಾ?

ಇಲ್ಲ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ಮೇಲಿನ ಆ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಸಂಬಂಧಿಸಿದ್ದು. ಕರ್ನಾಟಕದಲ್ಲಿ ಪರೀಕ್ಷೆಯಲ್ಲಿ ಪಾಸಾಗಿ, ನವೀಕರಣ ಆಗಿದ್ದರೆ ಓಡಿಸಬಹುದು. ಹೊಗೆ ಪರೀಕ್ಷೆಯೂ ಬೇಕು. ಹಳೆಯ ಪೆಟ್ರೋಲ್ ಕಾರುಗಳಿಗೆ ಇಂಗಾಲದ ಮೊನಾಕ್ಸೈಡ್ 3% ಮೀರಬಾರದು. ಕಾರ್ಬುರೇಟರ್ ಸರಿಯಾಗಿ ಟ್ಯೂನ್ ಆಗಿದ್ದರೆ ಇದು ಕಷ್ಟವೇ ಅಲ್ಲ.

ವಿಂಟೇಜ್ ನೋಂದಣಿ ಮಾಡಿಸಬೇಕಾ?

2021ರಲ್ಲಿ ಬಂದ ನಿಯಮ ಅದು. 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ಮರುನೋಂದಣಿಗೆ 5,000. ಹೊಸ ನಂಬರ್‌ನಲ್ಲಿ ರಾಜ್ಯದ ಅಕ್ಷರದ ನಂತರ ವಿಎ ಅಂತ ಬರುತ್ತದೆ. ಆಗಲೇ ನೋಂದಣಿ ಇರುವ ಕಾರಿನ ಹಳೆಯ ನಂಬರ್ ಉಳಿಸಿಕೊಳ್ಳಲು ಅವಕಾಶ ಇದೆ. ಇದು ನನಗೆ ತುಂಬ ಸಮಾಧಾನ ಕೊಟ್ಟ ವಿಷಯ. ಕೆಎ ಸಾಲು ಬರುವ ಮೊದಲಿನ ಎಂವೈ, ಎಂಇ, ಸಿಎ ನಂಬರ್‌ಗಳು ಕಾರಿನ ಚರಿತ್ರೆಯ ಭಾಗ. ಎಂವೈ ಅಂತೂ ಮೈಸೂರು ರಾಜ್ಯ ಅಂತ ಇದ್ದ ಕಾಲದ ಗುರುತು.

ಒಂದು ಷರತ್ತು ಇದೆ, ಅದನ್ನು ಚೆನ್ನಾಗಿ ಯೋಚಿಸಿ. ವಿಂಟೇಜ್ ನೋಂದಣಿ ಮಾಡಿಸಿದ ಕಾರನ್ನು ದಿನಬಳಕೆಗೆ ಓಡಿಸುವಂತಿಲ್ಲ. ರ್‍ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಇಂಥದ್ದಕ್ಕೆ ಮಾತ್ರ. ಭಾನುವಾರ ಮನೆಯವರನ್ನು ಕೂರಿಸಿಕೊಂಡು ನಂದಿಬೆಟ್ಟಕ್ಕೆ ಹೋಗುವ ಆಸೆ ಇದ್ದರೆ ಮಾಮೂಲಿ ನೋಂದಣಿಯನ್ನೇ ನವೀಕರಿಸಿಕೊಳ್ಳಿ.

ಇನ್ಶುರೆನ್ಸ್ ಸಿಗುತ್ತಾ?

ಥರ್ಡ್ ಪಾರ್ಟಿ ಕಡ್ಡಾಯ, ಸಿಗುತ್ತದೆ. ವಿಂಟೇಜ್ ನೋಂದಣಿ ಆಗಿದ್ದರೆ ಅದರ ಕಂತಿನಲ್ಲಿ 50% ರಿಯಾಯಿತಿ ಇದೆ. ಪೂರ್ತಿ ವಿಮೆ ಬೇಕಾದರೆ ಕಾರಿನ ಬೆಲೆಯನ್ನು ನೀವೂ ಕಂಪನಿಯೂ ಮಾತಾಡಿ ಒಪ್ಪಿಕೊಳ್ಳಬೇಕು. ಫೋಟೊ, ಖರ್ಚಿನ ಬಿಲ್ಲು ಎಲ್ಲ ಜೋಪಾನವಾಗಿ ಇಟ್ಟುಕೊಳ್ಳಿ.

ಬಿಡಿಭಾಗ ಎಲ್ಲಿ ಸಿಗುತ್ತೆ?

ಬೆಂಗಳೂರಿನಲ್ಲಾದರೆ ಮೊದಲು ಜೆ.ಸಿ. ರಸ್ತೆ. ಹಳೆಯ ಅಂಗಡಿಗಳಲ್ಲಿ ವಯಸ್ಸಾದವರು ಕುಳಿತಿದ್ದರೆ ಅವರನ್ನೇ ಕೇಳಿ. ಎಂದೋ ತಂದಿಟ್ಟ ಪೆಟ್ಟಿಗೆ ಮೇಲಿನ ಅಟ್ಟದಲ್ಲಿ ಇದ್ದರೆ ಅವರಿಗೇ ಗೊತ್ತಿರುತ್ತದೆ. ಸಿಗದಿದ್ದರೆ ಶಿವಾಜಿನಗರದ ಗುಜರಿ. ಹೋಗುವಾಗ ಹಳೆಯ ಭಾಗವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಬಾಯಲ್ಲಿ ವಿವರಿಸಿದರೆ ಬೇರೆ ಯಾವುದೋ ಮಾಡೆಲ್‌ನದು ಬರುತ್ತದೆ.

ಟೈರ್ ಅಳತೆ ಗೊತ್ತಿರಲಿ: ಪದ್ಮಿನಿಗೆ 5.20-14, ಅಂಬಾಸಿಡರ್‌ಗೆ 5.90-15. ಡೆಲ್ಕೊ ಒಳಗಿನ ಪಾಯಿಂಟ್ ಮತ್ತು ಕಂಡೆನ್ಸರ್ ಒಂದು ಜೊತೆ, ಒಂದು ಫ್ಯಾನ್ ಬೆಲ್ಟ್, ಪೆಟ್ರೋಲ್ ಪಂಪಿನ ಕಿಟ್ ಯಾವಾಗಲೂ ಡಿಕ್ಕಿಯಲ್ಲಿರಲಿ. ಈಗ ತಯಾರಾಗುವ ಕಂಡೆನ್ಸರ್‌ಗಳಲ್ಲಿ ಕೆಲವು ಬೇಗ ಸುಟ್ಟುಹೋಗುತ್ತವೆ. ಹಳೆಯದು ಕೆಲಸ ಮಾಡುತ್ತಿದ್ದರೆ ಬಿಸಾಡಬೇಡಿ.

ಎಥೆನಾಲ್ ಬೆರೆಸಿದ ಪೆಟ್ರೋಲ್ ಹಾಕಿದರೆ ಹಾಳಾಗುತ್ತಾ?

ಭಯ ಪಡಬೇಡಿ, ಆದರೆ ಸುಮ್ನೆ ಬಿಡಲೂಬೇಡಿ. ಈಗ ಬಂಕ್‌ಗಳಲ್ಲಿ ಸಿಗುವುದು ಹೆಚ್ಚಾಗಿ 20% ಎಥೆನಾಲ್ ಇರುವ ಪೆಟ್ರೋಲ್. ಎಥೆನಾಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಕಾರು ತಿಂಗಳುಗಟ್ಟಲೆ ನಿಂತರೆ ಟ್ಯಾಂಕಿನ ತಳದಲ್ಲಿ ನೀರು ಸೇರಿ ತುಕ್ಕು ಹಿಡಿಯುತ್ತದೆ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್, ಕಾರ್ಬುರೇಟರ್ ವಾಷರ್‌ಗಳನ್ನು ಮೆತ್ತಗೆ ಮಾಡಿ ಒಡೆಯುತ್ತದೆ. ಟ್ಯಾಂಕಿನಲ್ಲಿ ದಶಕಗಳಿಂದ ಕೂತಿದ್ದ ಕೊಳೆಯನ್ನು ಬಿಡಿಸಿ, ಕಾರ್ಬುರೇಟರ್ ಒಳಗೆ ಪೆಟ್ರೋಲ್ ಹರಿಯುವ ಸಣ್ಣ ತೂತಾದ ಜೆಟ್‌ಗೆ ತಂದು ಸಿಕ್ಕಿಸುತ್ತದೆ.

ಹಾಗಾಗಿ ಕಾರು ಕೊಂಡ ತಕ್ಷಣ ಟ್ಯಾಂಕ್ ಇಳಿಸಿ ತೊಳೆಸಿ. ಪೆಟ್ರೋಲ್ ಪೈಪುಗಳನ್ನೆಲ್ಲ ಎಥೆನಾಲ್ ತಡೆಯುವ ವೈಟಾನ್ ರಬ್ಬರಿನವಕ್ಕೆ ಬದಲಾಯಿಸಿ. ಪೆಟ್ರೋಲ್ ಪೈಪು ಸೋರಿದರೆ ಬೆಂಕಿಯ ಅಪಾಯ ಇರುವುದರಿಂದ ಇದರಲ್ಲಿ ಉಳಿತಾಯ ನೋಡಬೇಡಿ. ಸಣ್ಣ ಫಿಲ್ಟರ್ ಹಾಕಿಸಿ. ಎಥೆನಾಲ್ ಇದ್ದಾಗ ಎಂಜಿನ್‌ಗೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಎಳೆಯುವಾಗ ತಡವರಿಸಿದರೆ ಕಾರ್ಬುರೇಟರ್ ಜೆಟ್ ಒಂದು ಅಳತೆ ದೊಡ್ಡದು ಹಾಕಬೇಕಾಗಬಹುದು.

ಪೆಟ್ರೋಲಿನಲ್ಲಿದ್ದ ಸೀಸ ವಾಲ್ವ್ ಕೂರುವ ಜಾಗ ಸವೆಯದಂತೆ ಕಾಯುತ್ತಿತ್ತು. ಸೀಸದ ಪೆಟ್ರೋಲ್ 2000ದಲ್ಲೇ ದೇಶದಲ್ಲಿ ನಿಂತಿತು. ಅದಕ್ಕೂ ಮೊದಲಿನ ಬಿಎಂಸಿ ಎಂಜಿನ್ನಿನ ಹೆಡ್ ಬಿಚ್ಚುವ ಸಂದರ್ಭ ಬಂದಾಗ ಗಟ್ಟಿ ವಾಲ್ವ್ ಸೀಟ್ ಹಾಕಿಸಿಬಿಡಿ. ಸುಮ್ಮನೆ ಅದಕ್ಕಾಗಿಯೇ ಬಿಚ್ಚಬೇಕಿಲ್ಲ. ಆಯಿಲ್ 20ಡಬ್ಲ್ಯು-40 ಅಥವಾ 20ಡಬ್ಲ್ಯು-50 ಹಾಕಿ. ಹೊಸ ಕಾರುಗಳ ತೆಳು ಆಯಿಲ್ ಬೇಡ.

ಘಾಟಿಯಲ್ಲಿ ಓಡಿಸಬಹುದಾ?

ಓಡಿಸಬಹುದು. ಆಗುಂಬೆ, ಚಾರ್ಮಾಡಿ, ಶಿರಾಡಿ ಎಲ್ಲವನ್ನೂ ಈ ಕಾರುಗಳು ಆ ಕಾಲದಲ್ಲೇ ಹತ್ತಿ ಇಳಿದಿವೆ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಇವುಗಳಲ್ಲಿ ಹೆಚ್ಚಿನವುಗಳ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಒಂದೇ ಸಮನೆ ಒತ್ತಿ ಹಿಡಿದರೆ ಡ್ರಮ್ ಕಾದು, ಪೆಡಲ್ ಒತ್ತಿದರೂ ಕಾರು ನಿಲ್ಲುವುದಿಲ್ಲ. ಹತ್ತಿದ ಗೇರಿನಲ್ಲೇ ಇಳಿಯಿರಿ ಅನ್ನುವ ಹಳೆಯ ಡ್ರೈವರ್‌ಗಳ ಮಾತು ಇವತ್ತಿಗೂ ಸರಿ. ನ್ಯೂಟ್ರಲ್ ಮಾಡಿ ಇಳಿಯುವುದು ಮಾತ್ರ ಎಂದಿಗೂ ಬೇಡ. ನೀರು ತುಂಬಿದ ರಸ್ತೆ ದಾಟಿದ ಮೇಲೆ ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಒತ್ತಿ ಡ್ರಮ್ ಒಣಗಿಸಿ.

ಬೇಸಿಗೆಯಲ್ಲಿ ಪದ್ಮಿನಿ ಹತ್ತುತ್ತಾ ಹತ್ತುತ್ತಾ ಎಳೆಯುವುದು ನಿಂತು ಆಫ್ ಆದರೆ ಗಾಬರಿ ಬೇಡ. ಪಂಪಿನಲ್ಲಿ ಪೆಟ್ರೋಲ್ ಬಿಸಿಗೆ ಆವಿಯಾಗಿರುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ನೆರಳಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಮತ್ತೆ ಸ್ಟಾರ್ಟ್ ಆಗುತ್ತದೆ. ಪದೇ ಪದೇ ಹೀಗಾದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆಯೇ ನೋಡಿಸಿ.

ಹಳೆಯ ಕಾರಿಗೆ ಎಲೆಕ್ಟ್ರಿಕ್ ಮೋಟಾರ್ ಹಾಕಿಸಿದರೆ?

ನನ್ನ ಉತ್ತರ ಬೇಡ. ಮೂಲ ಎಂಜಿನ್ ತೆಗೆದರೆ ವಿಂಟೇಜ್ ನೋಂದಣಿಗೆ ಅರ್ಹತೆ ಹೋಗುತ್ತದೆ. ಎಲೆಕ್ಟ್ರಿಕ್ ಕಾರು ಬೇಕಾದರೆ ಹೊಸದು ತಗೊಳ್ಳಿ, ಬ್ರೇಕೂ ಚೆನ್ನಾಗಿರುತ್ತದೆ. ಹೆಡ್‌ಲೈಟ್ ಬೆಳಕು ಜಾಸ್ತಿ ಮಾಡುವುದು, ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಬದಲು ಆಲ್ಟರ್ನೇಟರ್ ಹಾಕುವುದು, ಮುಂದಿನ ಸೀಟಿಗೆ ಬೆಲ್ಟ್ ಹಾಕಿಸುವುದು ಇಂಥವು ಸರಿ. ಬೇಕೆಂದಾಗ ಮೊದಲಿನಂತೆ ಮಾಡಲು ಬರುವ ಬದಲಾವಣೆಗೆ ನನ್ನ ಅಡ್ಡಿ ಇಲ್ಲ. ಡೈನಮೋ ಇರುವ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಕಾರಿನ ಲೋಹದ ಮೈಗೆ ಸೇರಿರುತ್ತದೆ. ಇದು ಗೊತ್ತಿಲ್ಲದೆ ಹೊಸ ಸ್ಟೀರಿಯೊ ಜೋಡಿಸಿದರೆ ಸುಟ್ಟುಹೋಗುತ್ತದೆ.

ಹಣದ ಯೋಚನೆ ಇಲ್ಲದಿದ್ದರೆ ಜಗತ್ತಿನ ಯಾವ ಕಾರು ಓಡಿಸುವಿರಿ?

ಬಹಳ ಜನ 1961ರಲ್ಲಿ ಜಿನೀವಾದಲ್ಲಿ ಮೊದಲು ಕಂಡ ಜಾಗ್ವಾರ್ ಇ-ಟೈಪ್ ಅನ್ನುತ್ತಾರೆ. ಇನ್ನು ಕೆಲವರು ಮೇಲಕ್ಕೆ ತೆರೆಯುವ ಬಾಗಿಲಿನ ಮರ್ಸಿಡಿಸ್ 300 ಎಸ್‌ಎಲ್. 1954ರಿಂದ 1957ರವರೆಗೆ ಅವು ತಯಾರಾದದ್ದು 1,400 ಮಾತ್ರ. ಅದರ ಕೊಳವೆಗಳ ಚೌಕಟ್ಟು ಪಕ್ಕದಲ್ಲಿ ಎತ್ತರ ಇದ್ದದ್ದರಿಂದ ಮಾಮೂಲಿ ಬಾಗಿಲು ಕೂರಿಸಲು ಜಾಗವೇ ಇರಲಿಲ್ಲ. ಮೇಲಕ್ಕೆ ತೆರೆಯುವ ಬಾಗಿಲು ಬಂದದ್ದು ಹಾಗೆ.

ನನ್ನ ಆಯ್ಕೆ ಫ್ರಾನ್ಸಿನ ಸಿಟ್ರೊಯೆನ್ ಡಿಎಸ್. 1955ರಲ್ಲಿ ಬಂತು. ಸ್ಪ್ರಿಂಗ್ ಬದಲು ಒತ್ತಡದ ದ್ರವ ಮತ್ತು ಅನಿಲ. ಸ್ಟಾರ್ಟ್ ಮಾಡಿದರೆ ಕೂತಿದ್ದ ಕಾರು ಮೆಲ್ಲಗೆ ಎದ್ದು ನಿಲ್ಲುತ್ತದೆ. ಹೊಂಡದ ರಸ್ತೆಯಲ್ಲಿ ಒಳಗಿದ್ದವರಿಗೆ ಹೊಂಡವೇ ಗೊತ್ತಾಗುವುದಿಲ್ಲ. ಕೈಗೆಟಕುವ ವಿದೇಶಿ ಕಾರು ಅಂದರೆ ಫೋಕ್ಸ್‌ವ್ಯಾಗನ್ ಬೀಟಲ್. 2003ರಲ್ಲಿ ಮೆಕ್ಸಿಕೊದ ಪ್ವೆಬ್ಲಾದಲ್ಲಿ ಕೊನೆಯದು ಹೊರಬರುವ ಹೊತ್ತಿಗೆ 2.15 ಕೋಟಿಗೂ ಹೆಚ್ಚು ಬೀಟಲ್‌ಗಳು ತಯಾರಾಗಿದ್ದವು. ಹಾಗಾಗಿ ಬಿಡಿಭಾಗ ಇವತ್ತಿಗೂ ಸಿಗುತ್ತದೆ.

ನಾವು ವಿದೇಶದಲ್ಲಿದ್ದೇವೆ. ಅಲ್ಲಿ ಈ ಹವ್ಯಾಸ ಸುಲಭವಾ?

ಕಾನೂನಿನ ಮಟ್ಟಿಗೆ ಸುಲಭ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ, ದೊಡ್ಡ ಬದಲಾವಣೆ ಆಗಿಲ್ಲದಿದ್ದರೆ ವಾರ್ಷಿಕ ತಪಾಸಣೆಯಿಂದಲೂ ವಿನಾಯಿತಿ. ಜರ್ಮನಿಯಲ್ಲಿ 30 ವರ್ಷದ ಕಾರಿಗೆ ಎಚ್ ಅಕ್ಷರದ ನಂಬರ್ ಸಿಗುತ್ತದೆ. ಅಮೆರಿಕಕ್ಕೆ 25 ವರ್ಷ ದಾಟಿದ ಕಾರನ್ನು ಹೊರಗಿನಿಂದ ತರಿಸಿಕೊಳ್ಳಬಹುದು. ಬ್ರಿಟನ್ನಿನಲ್ಲಿರುವ ಕನ್ನಡಿಗರಲ್ಲಿ ಒಂದು ವಿನಂತಿ. ಊರಿಗೆ ಬರುವಾಗ ಗೆಳೆಯರಿಗೆ ಚಾಕೊಲೇಟ್ ಜೊತೆ ಹೆರಾಲ್ಡ್‌ನ ರಬ್ಬರ್ ಕಿಟ್ ತಂದುಕೊಟ್ಟರೆ ಅವರು ಜೀವಮಾನ ನೆನೆಯುತ್ತಾರೆ. ಟ್ರಯಂಫ್ ಭಾಗಗಳು ಅಲ್ಲಿ ಇನ್ನೂ ಹೊಸದಾಗಿ ತಯಾರಾಗುತ್ತಿವೆ.

ಕೊಳ್ಳುವಷ್ಟು ಹಣ ಇಲ್ಲ. ನೋಡಲು, ಕೂರಲು ಎಲ್ಲಿಗೆ ಹೋಗಬಹುದು?

ಧರ್ಮಸ್ಥಳದ ಕಾರು ಸಂಗ್ರಹ ನೋಡಿ, ದೇವಸ್ಥಾನಕ್ಕೆ ಹೋದವರಲ್ಲಿ ಎಷ್ಟೋ ಜನ ಅದನ್ನು ನೋಡದೆ ಬರುತ್ತಾರೆ. ಶ್ರೀರಂಗಪಟ್ಟಣದ ಬಳಿ ಪಯಣ ಕಾರು ಸಂಗ್ರಹಾಲಯ ಇದೆ, ಬೆಂಗಳೂರು-ಮೈಸೂರು ದಾರಿಯಲ್ಲೇ ಸಿಗುತ್ತದೆ. ಕೊಯಮತ್ತೂರಿನ ಜಿಡಿ ಕಾರು ಸಂಗ್ರಹಾಲಯವೂ ಒಂದು ದಿನದ ಪ್ರಯಾಣಕ್ಕೆ ಸರಿಯಾಗಿದೆ.

ಓಡಿಸುವ ಆಸೆಗೆ ಕ್ಲಬ್‌ಗಳೇ ದಾರಿ. ಕರ್ನಾಟಕ ವಿಂಟೇಜ್ ಆ್ಯಂಡ್ ಕ್ಲಾಸಿಕ್ ಕಾರ್ ಕ್ಲಬ್‌ನಂಥ ಸಂಘಗಳ ರ್‍ಯಾಲಿಗೆ ಹೋಗಿ ಪರಿಚಯ ಮಾಡಿಕೊಳ್ಳಿ. ಕಾರು ಒರೆಸಲು, ತಳ್ಳಲು, ಪಕ್ಕದ ಸೀಟಿನಲ್ಲಿ ಕುಳಿತು ದಾರಿ ಹೇಳಲು ಜನ ಬೇಕೇ ಇರುತ್ತಾರೆ. ಆಸಕ್ತಿ ನಿಜ ಅಂತ ಗೊತ್ತಾದರೆ ಮಾಲೀಕರೇ ಒಂದು ದಿನ ಕೀ ಕೊಡುತ್ತಾರೆ. ಹಣ ಕೊಟ್ಟು ಖಾಸಗಿ ನಂಬರಿನ ಕಾರು ಬಾಡಿಗೆಗೆ ತಗೊಳ್ಳಬೇಡಿ. ಅದು ಕಾನೂನಿಗೆ ವಿರುದ್ಧ, ಅಪಘಾತ ಆದರೆ ವಿಮೆ ಕೈಕೊಡುತ್ತದೆ.

ಮಳೆಗಾಲದಲ್ಲಿ ಮುಚ್ಚಿಡುವುದೇ ಒಳ್ಳೆಯದಲ್ವಾ?

ಪ್ಲಾಸ್ಟಿಕ್ ಹೊದಿಕೆ ಹಾಕಿ ಮೂರು ತಿಂಗಳು ನಿಲ್ಲಿಸಿದರೆ ಮಳೆಯಲ್ಲಿ ಓಡಿಸಿದ್ದಕ್ಕಿಂತ ಜಾಸ್ತಿ ಹಾಳಾಗುತ್ತದೆ. ಒಳಗೆ ತೇವ ಕಟ್ಟಿ ನೆಲ ತುಕ್ಕು ಹಿಡಿಯುತ್ತದೆ, ಇಲಿ ವೈರ್ ಕಡಿಯುತ್ತದೆ, ಬ್ರೇಕ್ ಸಿಲಿಂಡರ್ ಹಿಡಿದುಕೊಳ್ಳುತ್ತದೆ. ಗಾಳಿಯಾಡುವ ಹತ್ತಿ ಹೊದಿಕೆ ಹಾಕಿ, ಒಳಗಿನ ಮ್ಯಾಟ್ ತೆಗೆದಿಡಿ, ಟ್ಯಾಂಕ್ ತುಂಬಿಸಿಡಿ, ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಕಟ್ಟಿಗೆ ಕೊಡಿ. ಮಳೆ ಬಿಟ್ಟ ದಿನ ಹೊರಗೆ ತೆಗೆದು, ಎಂಜಿನ್ ಪೂರ್ತಿ ಬಿಸಿಯಾಗುವ ತನಕ ಹತ್ತು ಹದಿನೈದು ಕಿಲೊಮೀಟರ್ ಓಡಿಸಿ ಬನ್ನಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಬೇಡ, ಅದರಿಂದ ಸೈಲೆನ್ಸರ್ ಒಳಗೆ ನೀರು ಸೇರಿ ಅದು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.